ಬೆರಳು ನಿಂತ ಜಾಗ

ಸಾಲುಮನೆಯ ಜಗಲಿಯಿಂದ
ಸೋಮವಾರ, ಮಧ್ಯಾಹ್ನದ ಊಟದ ಗದ್ದಲ ಅಡಗಿದ ಮೇಲೆ

ಪಟಾಕಿಯ ಅಪ್ಪನಿಗೆ,

ಕ್ಷೇಮ ಸಮಾಚಾರ ಆಮೇಲೆ. ಕೊಡುತ್ತೇವೆ ಅಂದದ್ದೇನು, ಕೊಡದೆ ಬಿಟ್ಟದ್ದೇನು, ಮೊದಲು ಅದನ್ನು ಬರೆಯುತ್ತೇನೆ. ಹೋದ ಸಭೆಯಲ್ಲಿ ನೀವು ಧಣಿಯ ಕುರ್ಚಿಯ ಹಿಂದೆ ನಿಂತಿದ್ದಿರಿ. ಹಿಂದೆ ನಿಂತವರಿಗೆ ಮುಂದಿನವರ ಮಾತು ಸರಿಯಾಗಿ ಕೇಳಿಸಿರಲಿಕ್ಕಿಲ್ಲ.

ಸಾಲುಮನೆಯವರಿಗೆ ಕಕ್ಕಸು ಕಟ್ಟಿಸುತ್ತೇವೆ ಅಂದರು. ಕಟ್ಟಿಸಿದರು. ಬಾಗಿಲಿಟ್ಟರು, ಬೀಗ ಜಡಿದರು, ಒಳಗೆ ಹಂದಿಮೇವಿನ ಮೂಟೆ ತುಂಬಿದರು. ಮೇವಿಗೆ ಬಾಗಿಲು, ನಮಗೆ ಬಯಲು.

ಹಂದಿದೊಡ್ಡಿಯ ಹಿಂದಿನ ಬಯಲಿಗೆ ಬೇಲಿ ಹಾಕಿಸುತ್ತೇವೆ, ಹಂದಿಗಳನ್ನು ಆ ಕಡೆ ಬಿಡುವುದಿಲ್ಲ ಅಂದರು. ಬೇಲಿ ಬಂತು, ರಸ್ತೆಯ ಕಡೆಗೆ, ಹೋಗಿಬರುವ ಕಾರಿನವರಿಗೆ ಚೆಂದ ಕಾಣುವ ಹಾಗೆ. ಹಿಂದುಗಡೆ ಹಾಗೇ ಬಿಟ್ಟ ಬಾಯಿ. ಬೆಳಗ್ಗೆ ನಾವು ಹೋಗಿ ಬಂದ ಜಾಗಕ್ಕೇ ನಮ್ಮ ಹಿಂದೆ ಹಂದಿಗಳು ಹೋಗುತ್ತವೆ. ಒಂದು ಹೊತ್ತಿನ ಮೇವು ಉಳಿಯಿತು ಅಂತ ಧಣಿಗೆ ಸಮಾಧಾನ.

ಅಡುಗೆಕೋಣೆಯ ಪಕ್ಕ ನಲ್ಲಿ ಹಾಕಿಸುತ್ತೇವೆ, ಸೋಪು ಇಡುತ್ತೇವೆ ಅಂದರು. ನಲ್ಲಿ ಇದೆ. ತಿರುಗಿಸಿದರೆ ಗಾಳಿ ಬರುತ್ತದೆ.

ಎಲ್ಲರಿಗೂ ಹುಳದ ಮಾತ್ರೆ ಅಂದರು. ಕೊಟ್ಟರು, ಹಂದಿಗಳಿಗೆ.

ನಾಲಿಗೆಯಲ್ಲಿ ಹುಳದ ಗಂಟು ಸಿಕ್ಕ ಹಂದಿಗಳನ್ನು ಸುಟ್ಟು ಹೂಳುತ್ತೇವೆ ಅಂದರು. ಇದರ ವಿಷಯ ಆಮೇಲೆ ಬರೆಯುತ್ತೇನೆ. ಅದು ಧಣಿಯ ಬಾಯಿಮಾತಷ್ಟೇ ಅಲ್ಲ, ನಿಮ್ಮ ಕೈಕೆಲಸವೂ ಹೌದು.

ಇಷ್ಟನ್ನೂ ನಾನು ಸಭೆಯಲ್ಲಿ ಒಂದೊಂದಾಗಿ ಕೇಳಿದಾಗ ಧಣಿ ನಕ್ಕು, ನಾನು ಯಾವಾಗಮ್ಮ ಹಾಗಂದೆ ಅಂದ. ನೀವೂ ನಕ್ಕಿರಿ. ಧಣಿ ಆಕಳಿಸಿದರೆ ನಿಮಗೆ ನಿದ್ದೆ ಬರುವಷ್ಟು ಹತ್ತಿರವಾದಿರಾ?

ಗೊಣಗಜ್ಜಿ ಮಾತ್ರ ಬಿಡಲಿಲ್ಲ, ನೆನಪಿರಬೇಕು. ಮರಿಗಳ ಕೊಟ್ಟಿಗೆ ಗುಡಿಸಿ ಗುಡಿಸಿ ಕುಡುಗೋಲಿನ ಹಾಗೆ ಬಾಗಿದ ಮುದುಕಿ ಎದ್ದು ನಿಂತು, ಧಣೀ, ನಿಮ್ಮ ಹಂದಿಗಳಿಗೆ ಫ್ಯಾನು ಹಾಕಿಸಿದೀರಿ, ಸಂತೋಷ, ನಮಗೆ ಒಂದು ಬಾಗಿಲು ಕೊಡಿ ಸಾಕು, ಗಾಳಿ ನಾವೇ ಬೀಸಿಕೊಳ್ತೀವಿ ಅಂದಳು. ಜನ ಗೊಳ್ಳೆಂದರು. ಸಭೆಗೆ ಬಂದಿದ್ದ ಪಶು ಡಾಕ್ಟರು ಕೂಡ ಕರವಸ್ತ್ರ ಬಾಯಿಗೊತ್ತಿಕೊಂಡರು. ನಗು ತನ್ನ ಮೈಮೇಲೆ ಬಿತ್ತು ಅಂತ ಗೊತ್ತಾದ ಕೂಡಲೇ ಧಣಿ ನಿಮ್ಮ ಕಡೆ ತಿರುಗಿದ. ಏನಜ್ಜಿ, ಬಾಗಿಲು ಬಾಗಿಲು ಅಂತ ಬಡ್ಕೊಳ್ತೀಯಲ್ಲ, ನಮ್ಮ ಸೂಪರ್‌ವೈಸರ್ ಮನೇಲಿ ಬಾಗಿಲಿರೋ ಕಕ್ಕಸಿದೆ, ನಲ್ಲೀಲಿ ನೀರಿದೆ, ಅವನ ಮಗಳು ಹಂದಿಮಾಂಸ ಕಂಡರೆ ಮೂಗು ಮುಚ್ಕೊಂಡು ಓಡ್ತಾಳೆ, ಆದರೂ ಮಿದುಳಿಗೆ ಗುಳ್ಳೆ ಬಂದಿದ್ದು ಯಾರಿಗೆ? ಅವಳಿಗೇ ತಾನೆ? ಅಂದ್ಮೇಲೆ ಕಕ್ಕಸಿಗೂ ಕಾಯಿಲೆಗೂ ಏನು ಸಂಬಂಧ? ಹೇಳಪ್ಪ ನೀನೇ, ಅಂದ.

ನೀವು ತಲೆಯಾಡಿಸಿದಿರಿ.

ಅಲ್ಲಿಗೆ ಮುಗಿಯಿತು. ಧಣಿ ಹೇಳಿದ್ದರಲ್ಲಿ ಒಂದು ಅಕ್ಷರವೂ ಸುಳ್ಳಿರಲಿಲ್ಲ. ನನ್ನ ಮಗಳ ತಲೆಯೊಳಗಿನ ಗುಳ್ಳೆಯನ್ನೇ ಕಲ್ಲು ಮಾಡಿಕೊಂಡು ನಮ್ಮ ಬಾಯಿಗೆ ಹೊಡೆದ. ಕಲ್ಲು ಎತ್ತಿಕೊಟ್ಟವರು ನೀವು.

ಆ ಹುಡುಗಿ ನಿಮ್ಮ ಮನೆಯಲ್ಲಿ ಯಾಕಿದ್ದಾಳೆ ಅನ್ನುವುದನ್ನಾದರೂ ಅಲ್ಲಿ ಹೇಳಬಹುದಿತ್ತು. ಸೂಪರ್‌ವೈಸರ್ ಆದ ದಿನ ಕ್ವಾರ್ಟರ್ಸಿನ ಬೀಗದಕೈ ತಂದು ನನ್ನೆದುರು ಹಿಡಿದಿರಿ. ಅದರ ಜೊತೆ ಒಂದು ಷರತ್ತನ್ನೂ ಕಟ್ಟಿ ತಂದಿದ್ದಿರಿ: ನಾನು ಕೆಲಸದವರ ಸಂಘ ಬಿಡಬೇಕು. ನಾನು ಸಂಘ ಬಿಡಲಿಲ್ಲ, ನೀವು ಸಾಲುಮನೆ ಬಿಟ್ಟಿರಿ. ಜನ ನನ್ನನ್ನು ಗಂಡ ಬಿಟ್ಟವಳು ಅಂದರು. ಅನ್ನಲಿ. ಆದರೆ ಮಗಳನ್ನು ನಾನೇ ನಿಮ್ಮ ಜೊತೆ ಕಳಿಸಿದೆ. ಬೆಳೆಯುತ್ತಿರುವ ಹುಡುಗಿ, ಬೆಳಕು ಹರಿಯುವ ಮುಂಚೆ ನೀರಿನ ಡಬ್ಬಿ ಹಿಡಿದು ಬಯಲಿಗೆ ಹೋಗಬೇಕು, ಲಾರಿಯ ದೀಪ ಬಿದ್ದರೆ ಎದ್ದು ನಿಲ್ಲಬೇಕು, ಹಂದಿ ಮೂಸಿಕೊಂಡು ಬಂದರೆ ಕಲ್ಲು ಬೀರಬೇಕು. ನನ್ನ ಬದುಕು ಹಾಗೇ ಸವೆಯಿತು. ಅವಳಿಗೆ ಬೇಡ ಅಂದುಕೊಂಡೆ. ಒಂದು ಚಿಲಕಕ್ಕಾಗಿ ಮಗಳನ್ನು ಬಿಟ್ಟುಕೊಟ್ಟ ತಾಯಿ ನಾನು.

ಊಟಕ್ಕೆ ಮಾತ್ರ ನನ್ನ ಹತ್ತಿರವೇ ಬರುತ್ತಿದ್ದಳು. ನಿಮ್ಮ ಕ್ವಾರ್ಟರ್ಸಿನಲ್ಲಿ ಒಲೆಯಿದೆ, ಹಚ್ಚುವವರಿಲ್ಲ. ಶಾಲೆ ಬಿಟ್ಟ ಕೂಡಲೇ ಚೀಲ ಬಿಸಾಡಿ, ನಾನು ಕೆಲಸದವರಿಗೆಲ್ಲ ಬೇಯಿಸುವ ಅಡುಗೆಕೋಣೆಯ ಹೊಸ್ತಿಲ ಮೇಲೆ ಕೂತು ಶುರು ಮಾಡುವಳು. ಟೀಚರು ಹಾಗಂದರು, ಪಕ್ಕದ ಬೆಂಚಿನವಳು ಹೀಗಂದಳು. ಬಾಯಿಗೆ ಬಿಡುವೇ ಇಲ್ಲ ಅಂತ ನೀವೇ ತಾನೆ ಪಟಾಕಿ ಅಂತ ಕರೆದದ್ದು? ಆವತ್ತು ಹಾಗೇ ಮಾತಾಡುತ್ತ ಮಾತಾಡುತ್ತ ಮಾತು ನಡುವೆ ತುಂಡಾಯಿತು. ತುಂಟಾಟ ಅಂದುಕೊಂಡೆ. ತಿರುಗಿ ನೋಡಿದರೆ ಬಾಯಿ ಒಂದು ಕಡೆ ಎಳೆಯುತ್ತಿದೆ, ಕಾಲು ಗೋಡೆಗೆ ಒದೆಯುತ್ತಿದೆ, ಕಣ್ಣು ಯಾರ ಕಡೆಗೂ ಇಲ್ಲ. ನಿಮ್ಮನ್ನು ಕೂಗಿದೆ. ನೀವು ಹಿಡಿದಿದ್ದ ಹಂದಿಯನ್ನು ಬಿಟ್ಟು ಓಡಿ ಬಂದಿರಿ. ಅವಳನ್ನು ಎತ್ತಿಕೊಂಡು ಓಡುವಾಗ ನಿಮ್ಮ ಬಾಯಲ್ಲಿ ನನ್ನ ಹೆಸರು ಬಂತು. ಅಷ್ಟು ದಿನ ಬಾರದ ಹೆಸರು. ಅದನ್ನು ನಾನು ಮರೆತಿಲ್ಲ, ಅದಕ್ಕೇ ಈ ಕಾಗದ. ಇಲ್ಲದಿದ್ದರೆ ಸಭೆಯಲ್ಲೇ ನಿಮ್ಮ ಮಾನ ಹರಾಜು ಹಾಕುತ್ತಿದ್ದೆ.

ಆಸ್ಪತ್ರೆಯ ಡಾಕ್ಟರಮ್ಮ ಹೇಳಿದ್ದನ್ನು ಇಬ್ಬರೂ ಒಂದೇ ಬೆಂಚಿನಲ್ಲಿ ಕೂತು ಕೇಳಿದ್ದೇವೆ. ನೀವು ಮರೆತ ಹಾಗೆ ಕಾಣುತ್ತದೆ, ನೆನಪಿಸುತ್ತೇನೆ. ಈ ಹುಳ ಎರಡು ವೇಷ ಹಾಕುತ್ತದೆ ಅಂದರು. ಗಂಟಿರುವ ಮಾಂಸ ಸರಿಯಾಗಿ ಬೇಯದೆ ಹೊಟ್ಟೆಗೆ ಹೋದರೆ ಕರುಳಿನಲ್ಲಿ ಲಾಡಿಹುಳು ಬೆಳೆಯುತ್ತದೆ. ಕರೆಯದ ನೆಂಟನ ಹಾಗೆ ಉಂಡುಕೊಂಡು ಸುಖವಾಗಿರುತ್ತದೆ, ಇದೆ ಅಂತ ಗೊತ್ತೇ ಆಗದಿರಬಹುದು. ಅದರ ಮೊಟ್ಟೆ ಮಲದ ಜೊತೆ ಹೊರಗೆ ಬರುತ್ತದೆ. ಬಯಲಲ್ಲಿ ಅದನ್ನು ಹಂದಿ ತಿಂದರೆ ಹಂದಿಯ ಮಾಂಸದಲ್ಲಿ, ನಾಲಿಗೆಯ ತಳದಲ್ಲಿ ಗಂಟು. ಅದೇ ಮೊಟ್ಟೆ ನೀರಿನಲ್ಲೋ, ಸೊಪ್ಪಿನಲ್ಲೋ, ತೊಳೆಯದ ಕೈಯಲ್ಲೋ ಮನುಷ್ಯರ ಬಾಯಿ ಸೇರಿದರೆ ಮಿದುಳಲ್ಲಿ ಗಂಟು. ಮಾಂಸ ಮುಟ್ಟದವರಿಗೂ ಬರುತ್ತದೆ ಅಂತ ಒತ್ತಿ ಹೇಳಿದರು. ಮನೆಯವರೆಲ್ಲರ ಮಲಪರೀಕ್ಷೆ ಆಗಲಿ ಅಂದರು. ನಿಮ್ಮದು ಚೊಕ್ಕ ಬಂತು. ನನ್ನ ಮನೆಯಲ್ಲಿ ಏನೂ ಇಲ್ಲ ಧಣಿ ಅಂತ ಓಡಿಹೋಗಿ ಒಪ್ಪಿಸಿದಿರಿ. ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ ಅನ್ನುತ್ತಾರಲ್ಲ, ಬರೆ ಹಾಕುವ ಕೈಗೆ ಕಾದ ಕಬ್ಬಿಣ ಕೊಟ್ಟು ಬಂದಿರಿ.

ಈಗ ಗಂಟು ಹಂದಿಯ ಮಾತು.

ನಿಮ್ಮ ಬೆರಳಿಗೆ ಈ ದೊಡ್ಡಿಯಲ್ಲಿ ಸಮನಿಲ್ಲ. ಬಾಯಿಗೆ ಕೋಲು ಅಡ್ಡ ಕೊಟ್ಟು, ಹಳೆ ಬಟ್ಟೆಯಲ್ಲಿ ನಾಲಿಗೆ ಹಿಡಿದೆಳೆದು, ತಳಕ್ಕೆ ಬೆರಳಾಡಿಸಿದರೆ ಸಾಬಕ್ಕಿ ಕಾಳಿನಷ್ಟು ಗಂಟಿದ್ದರೂ ನಿಮಗೆ ಸಿಗುತ್ತದೆ. ಆ ಬೆರಳೇ ನಿಮ್ಮನ್ನು ಸೂಪರ್‌ವೈಸರ್ ಮಾಡಿದ್ದು. ಲಾರಿ ಹೊರಡುವ ಬೆಳಗ್ಗೆ ನೀವು ಗಂಟು ಸಿಕ್ಕ ಹಂದಿಯ ಬೆನ್ನಿಗೆ ಕೆಂಪು ಬಣ್ಣ ಬಳಿಯುವಿರಿ. ಅದು ಪಕ್ಕದ ಗೂಡಿಗೆ. ಉಳಿದವು ಪೇಟೆಗೆ. ಕೆಂಪು ಬಣ್ಣದವು ಎಲ್ಲಿಗೆ ಹೋಗುತ್ತಿದ್ದವು? ನಮ್ಮ ಹೊಟ್ಟೆಗೆ. ಧಣಿಯ ಇನಾಮು! ಕೆಲಸದವರ ಮೇಲೆ ಎಂಥ ಪ್ರೀತಿ ಅಂತ ನಾವೂ ಕೈಯೊಡ್ಡಿದೆವು. ಪೇಟೆಯವರಿಗೆ ಆಗದ್ದು ನಮಗೆ ಪ್ರಸಾದ. ಆ ಮಾಂಸ ನನ್ನ ಒಲೆಯ ಮೇಲೇ ಬೇಯುತ್ತಿತ್ತು. ಬೇಯುತ್ತಿತ್ತು ಅನ್ನುವುದೂ ಸುಳ್ಳು. ಸೌದೆ ಅಳೆದು ಕೊಡುತ್ತಿದ್ದರು, ಪಾಳಿಯ ಗಂಟೆ ಹೊಡೆದರೆ ಹಂಡೆ ಇಳಿಸಬೇಕಿತ್ತು. ಮೇಲಿನ ತುಂಡು ಬೆಂದಿದ್ದರೆ ಅಡಿಯದು ಸೀದಿರುತ್ತಿತ್ತು, ನಡುವಿನದು ಹಸಿ.

ಡಾಕ್ಟರಮ್ಮ ಹೇಳಿದ ಮೇಲೆ ಸಂಘ ಕೂತು ತೀರ್ಮಾನ ಮಾಡಿತು: ಇನಾಮು ಬೇಡ, ಗಂಟು ಹಂದಿಗಳನ್ನು ಸುಟ್ಟು ಹೂಳಿ. ಆಯ್ತು ಅಂದ ಧಣಿ. ಇಷ್ಟು ಬೇಗ ಒಪ್ಪಿದನಲ್ಲ ಅಂತ ಆವತ್ತೇ ನನಗೆ ಅನುಮಾನ ಬರಬೇಕಿತ್ತು. ನಾವು ಬೇಡ ಅಂದ ವಾರದಿಂದ ಪಕ್ಕದ ಗೂಡು ಖಾಲಿ. ಕೆಂಪು ಬಣ್ಣದ ಡಬ್ಬ ಒಣಗಿ ಗಟ್ಟಿಯಾಗಿದೆ, ನೋಡಿದ್ದೇನೆ. ಎಂಥ ಪವಾಡ ನೋಡಿ! ಬಯಲು ಅದೇ, ನಾವು ಅವರೇ, ಹಂದಿಗಳು ಅವೇ. ಸಂಘದ ಒಂದು ತೀರ್ಮಾನಕ್ಕೆ ಹೆದರಿ ಹುಳಗಳೆಲ್ಲ ಊರು ಬಿಟ್ಟವಾ? ಹಾಗಿದ್ದರೆ ಧಣಿಯನ್ನೂ ಓಡಿಸಲು ಇನ್ನೊಂದು ತೀರ್ಮಾನ ಮಾಡೋಣ.

ತಮಾಷೆ ಸಾಕು. ಹೋದ ಶುಕ್ರವಾರ ಬೆಳಗ್ಗೆ ನಾನು ಮುಸುರೆ ಬಕೆಟ್ ಹಿಡಿದು ದೊಡ್ಡಿಯ ಮೂಲೆಯಲ್ಲಿದ್ದೆ. ನೀವು ನೋಡಲಿಲ್ಲ. ಹರಕುಕಿವಿಯ ಹೆಣ್ಣುಹಂದಿಯನ್ನು ಇಬ್ಬರು ಅದುಮಿ ಹಿಡಿದಿದ್ದರು. ನೀವು ನಾಲಿಗೆ ಎಳೆದಿರಿ, ಬೆರಳಾಡಿಸಿದಿರಿ. ಬೆರಳು ನಿಂತಿತು. ಸ್ವಲ್ಪ ಹಿಂದೆ ಬಂದು ಮತ್ತೆ ಅದೇ ಜಾಗದಲ್ಲಿ ನಿಂತಿತು. ಇಷ್ಟು ವರ್ಷ ನಿಮ್ಮ ಜೊತೆ ಬಾಳಿದವಳಿಗೆ ನಿಮ್ಮ ಬೆರಳು ಯಾಕೆ ನಿಲ್ಲುತ್ತದೆ ಅಂತ ಗೊತ್ತಿಲ್ಲವಾ? ನೀವು ಆಕಾಶ ನೋಡಿದಿರಿ. ಆಮೇಲೆ ನಾಲಿಗೆ ಬಿಟ್ಟು, ಹತ್ತಿಸಿ ಅಂತ ಲಾರಿಯ ಕಡೆ ಕೈ ಬೀಸಿದಿರಿ.

ಆ ದಿನವೇ ಮಗಳನ್ನು ಮತ್ತೆ ಆಸ್ಪತ್ರೆಗೆ ತೋರಿಸಲು ಹೋಗಿದ್ದೆ. ಎದುರಿನ ಖಾನಾವಳಿಯಲ್ಲಿ ಕಬ್ಬಿಣದ ಸರಳಿಗೆ ಚುಚ್ಚಿ ಮಾಂಸ ಸುಡುತ್ತಿದ್ದರು, ಹೊರಗೆ ಕಪ್ಪು, ಒಳಗೆ ಕೆಂಪು. ನಮ್ಮ ದೊಡ್ಡಿಯ ಮಾಲು ಆ ಖಾನಾವಳಿಗೆ ಹೋಗುತ್ತದೆ ಅಂತ ಲಾರಿಯವನೇ ಎಷ್ಟು ಸಲ ಜಂಬ ಕೊಚ್ಚಿಲ್ಲ? ಅದು ಹರಕುಕಿವಿಯದೇ ಅಂತ ನಾನು ಆಣೆ ಮಾಡಲಾರೆ. ಆಸ್ಪತ್ರೆಯ ಬೆಂಚಿನಲ್ಲಿ ನನ್ನ ಪಕ್ಕ ಕೂತಿದ್ದವನೊಬ್ಬ ಅಲ್ಲಿಂದ ಒಂದು ಪೊಟ್ಟಣ ಕಟ್ಟಿಸಿಕೊಂಡು ಬಂದ. ಹೆರಿಗೆಯಾಗಿದೆ, ಹೆಂಡತಿಗೆ ಶಕ್ತಿ ಬರಲಿ ಅಂತ ಅಂದ. ನೀವೂ ಎರಡು ತುಂಡು ತಗೊಳ್ಳಿ ಅಕ್ಕ, ಮಗು ಸೊರಗಿದೆ ಅಂತ ನನ್ನೆದುರು ಪೊಟ್ಟಣ ಬಿಚ್ಚಿದ. ನಾನು ಬೇಡ ಅಂದೆ. ಅಷ್ಟೇ ಅಂದೆ. ಸಾವಿರ ಜನರ ಮುಂದೆ ಮೈಕಿಲ್ಲದೆ ಕೂಗುವವಳು, ಒಬ್ಬನ ಮುಂದೆ, ತಿನ್ನಿಸಬೇಡಪ್ಪ ಅನ್ನಲಿಲ್ಲ. ಅಂದಿದ್ದರೆ ಯಾಕೆ ಅಂತ ಕೇಳುತ್ತಿದ್ದ. ಹೇಳಿದರೆ ನಿಮ್ಮ ಹೆಸರು ಬರುತ್ತಿತ್ತು.

ನಿಮ್ಮನ್ನು ಉಳಿಸಲು ಯಾರದೋ ಹಸಿ ಬಾಣಂತಿಯ ಬಾಯಿಗೆ ಅದು ಹೋಗಲಿ ಅಂತ ಬಿಟ್ಟೆ. ಈ ಮಾತು ಬರೆಯುವಾಗ ನನ್ನ ಮೇಲೇ ನನಗೆ ಉಗಿಯುವ ಹಾಗಾಗುತ್ತದೆ. ನೋಡಿ, ನೀವು ಧಣಿಗಾಗಿ ಬೆರಳಿಗೆ ಸಿಕ್ಕಿದ್ದನ್ನು ಮುಚ್ಚಿಟ್ಟಿರಿ, ನಾನು ನಿಮಗಾಗಿ ಬಾಯಿ ಮುಚ್ಚಿದೆ. ಬೆಂಕಿ ಹಾಗೆಯೇ ಒಂದು ಮನೆಯಿಂದ ಇನ್ನೊಂದಕ್ಕೆ ಹೋಗುವುದು.

ನಿನ್ನೆ ನೀವು ಬಂದಿರಿ. ಹೊಸ್ತಿಲ ಆಚೆಯೇ ನಿಂತು, ಧಣಿ ಒಪ್ಪಿದಾರೆ, ಸಂಘದಲ್ಲಿ ಇದ್ದರೂ ಇರಲಿ ಅಂದಿದಾರೆ, ಬಾ ಮನೆಗೆ, ಮಗಳು ಕಣ್ಣೆದುರು ಇರ್ತಾಳೆ, ರಾತ್ರಿ ಅವಳಿಗೆ ಹಾಗೆ ಆದರೆ ನನ್ನೊಬ್ಬನ ಕೈಲಿ ಆಗಲ್ಲ ಕಣೇ ಅಂದಿರಿ. ಮುಂದಿನ ಸಭೆಯಲ್ಲಿ ನೀನು ಸುಮ್ಮನಿದ್ದರೆ ಸಾಕು ಅಂತಲೂ ಅಂದಿರಿ, ನೆಲ ನೋಡುತ್ತಾ. ನನಗೆ ಆಸೆ ಆಗಲಿಲ್ಲ ಅಂದರೆ ನಾಲಿಗೆ ಬಿದ್ದುಹೋಗುತ್ತದೆ. ಮಗಳ ಪಕ್ಕ ಮಲಗುವ ಆಸೆ ಆಯಿತು. ಆ ಕಕ್ಕಸಿನ ಚಿಲಕವನ್ನು ಒಳಗಿಂದ ಹಾಕಿಕೊಂಡು ಹೊತ್ತಾಗುವ ತನಕ ಯಾರ ಭಯವೂ ಇಲ್ಲದೆ ಕೂತಿರುವ ಆಸೆಯೂ ಆಯಿತು, ನಗಬೇಡಿ. ನಿಮ್ಮ ಮೇಲೂ ಆಯಿತು. ನೀವು ಮಾತಾಡುವಾಗ ಬಲಗೈ ಬೆನ್ನ ಹಿಂದಿಟ್ಟುಕೊಂಡಿದ್ದಿರಿ. ಹೊರಟಾಗ ಕಂಡೆ. ತಿಕ್ಕಿ ತಿಕ್ಕಿ ಬೆರಳ ತುದಿ ಸುಲಿದುಹೋಗಿದೆ. ನಲ್ಲಿಯಲ್ಲಿ ನೀರಿರುವ ಮನೆಯವರು ಎಷ್ಟು ಸಲ ತೊಳೆದರೂ ಹೋಗದ್ದು ಏನದು?

ಆ ಬೆರಳು ಇನ್ನೂ ಸುಳ್ಳು ಕಲಿತಿಲ್ಲ. ಹರಕುಕಿವಿಯ ಬಾಯಲ್ಲಿ ಅದು ನಿಂತೇ ನಿಂತಿತು. ಸುಳ್ಳಾಡಿದ್ದು ನಿಮ್ಮ ಕಣ್ಣು. ಅದಕ್ಕೇ ನಿಮ್ಮ ಆಸೆ ಬಿಟ್ಟಿಲ್ಲ ನಾನು.

ಈ ಸಲದ ಸಭೆಗೆ ಪೇಟೆಯಿಂದ ಮಾಂಸ ಪರೀಕ್ಷೆ ಮಾಡುವ ಅಧಿಕಾರಿಯನ್ನೂ ಪಶು ಡಾಕ್ಟರು ಕರೆಸುತ್ತಿದ್ದಾರೆ. ನೀವು ಅವರ ಮುಂದೆ ಎದ್ದು ನಿಂತು ಹೇಳಬೇಕಾದದ್ದು ಇಷ್ಟೇ: ಗಂಟು ಹಂದಿಗಳು ಇವೆ, ಮೊದಲು ಕೆಲಸದವರಿಗೆ ಹಂಚಿದೆವು, ಈಗ ಲಾರಿಗೆ ಹತ್ತಿಸುತ್ತಿದ್ದೇವೆ, ನಾನೇ ಹತ್ತಿಸಿದೆ. ಹೇಳಿದ ದಿನವೇ ನಿಮ್ಮ ಕೆಲಸ ಹೋಗುತ್ತದೆ, ಕ್ವಾರ್ಟರ್ಸೂ ಹೋಗುತ್ತದೆ, ಗೊತ್ತಿದೆ. ಪೊಲೀಸರು ಕೂಡ ಕೇಳಬಹುದು. ಸುಳ್ಳು ಧೈರ್ಯ ಹೇಳುವುದಿಲ್ಲ. ಸಾಲುಮನೆಯಲ್ಲಿ ನಿಮ್ಮ ಹಳೆ ಚಾಪೆ ಸುರುಳಿ ಸುತ್ತಿದ್ದು ಹಾಗೇ ಇದೆ. ಬಂದು ಬಿಚ್ಚಿಕೊಳ್ಳಿ. ಬೆಳಗ್ಗೆ ಎಲ್ಲರ ಜೊತೆ ಬಯಲಿಗೆ ಹೋಗಿ. ಒಂದು ವಾರ ಹೋದರೆ ಸಂಘಕ್ಕೆ ನೀವೇ ಮೊದಲ ಸಹಿ ಹಾಕುತ್ತೀರಿ.

ಮಗಳ ಮಾತ್ರೆ ರಾತ್ರಿ ತಪ್ಪಿಸಬೇಡಿ. ಬೆಳಗ್ಗೆ ತೂಕಡಿಸುತ್ತಾಳೆ ಅಂತ ನಿಲ್ಲಿಸಲೂಬೇಡಿ, ಡಾಕ್ಟರಮ್ಮನನ್ನು ಕೇಳದೆ. ಅವಳಿಗೆ ಬಿಸಿನೀರು ಕಾಯಿಸುವಾಗ ಒಲೆಯ ಹತ್ತಿರ ಒಬ್ಬಳೇ ಬಿಡಬೇಡಿ. ಕ್ಷೇಮ ಸಮಾಚಾರ ಆಮೇಲೆ ಅಂದಿದ್ದೆನಲ್ಲ, ಇಷ್ಟೇ ಅದು.

ಇಂತಿ,
ಅವಳ ಅಮ್ಮ

ತಾ.ಕ.: ಇಷ್ಟುದ್ದ ಬರೆದೂ ಬರೆಯಬೇಕಾದದ್ದನ್ನು ಬರೆಯಲಿಲ್ಲ. ಮಡಚಿದ ಕಾಗದ ಮತ್ತೆ ಬಿಚ್ಚಿದ್ದೇನೆ.

ನನ್ನ ಮಲಪರೀಕ್ಷೆಯದೂ ಬಂದಿದೆ. ಹುಳ ಇದ್ದದ್ದು ನನ್ನ ಹೊಟ್ಟೆಯಲ್ಲಿ. ಬೆಂದಿದೆಯಾ ಅಂತ ನೋಡಲು ಹಂಡೆಯಿಂದ ಒಂದು ತುಂಡು ತೆಗೆದು ಕಚ್ಚಿ ನೋಡುವುದು ಅಡುಗೆಯವಳ ಅಭ್ಯಾಸ. ಬೆಂದಿಲ್ಲ ಅಂತ ಗೊತ್ತಾಗುವಷ್ಟರಲ್ಲಿ ಅದು ಗಂಟಲಿಳಿದಿರುತ್ತಿತ್ತು. ಬಯಲಿಗೆ ಹೋಗಿ ಬಂದವಳು ನಲ್ಲಿ ತಿರುಗಿಸಿದರೆ ಗಾಳಿ. ಬಟ್ಟೆಗೆ ಕೈ ಒರೆಸಿಕೊಂಡು ಒಲೆ ಮುಂದೆ ಕೂರುತ್ತಿದ್ದೆ. ಅದೇ ಕೈಯಲ್ಲಿ ಅನ್ನ ಕಲೆಸಿ ಪಟಾಕಿಗೆ ತುತ್ತಿಡುತ್ತಿದ್ದೆ. ಕಕ್ಕಸಿರುವ ಮನೆಯ, ಮಾಂಸ ಮುಟ್ಟದ ಹುಡುಗಿಗೆ ಎಲ್ಲಿಂದ ಬಂತು ಅಂತ ಧಣಿ ಕೇಳಿದನಲ್ಲ, ಬಂದದ್ದು ಈ ಕೈಯಿಂದ. ಆಣೆಯಿಟ್ಟು ಹೇಳುವ ಹಾಗಿಲ್ಲ, ಆದರೆ ದಾರಿ ಅದೇ ಇರಬೇಕು ಅಂದರು ಡಾಕ್ಟರಮ್ಮ. ಮಾತ್ರೆ ಅವರೆದುರೇ ನುಂಗಿದೆ. ಇನ್ನೊಂದು ಪರೀಕ್ಷೆ ಬಾಕಿ ಇದೆ. ಅಲ್ಲಿಯವರೆಗೆ ಒಲೆ ಮುಟ್ಟುವುದು ಬೇಡ ಅಂತ, ನೆಪಕ್ಕೆ ಕೈಗೆ ಬಟ್ಟೆ ಸುತ್ತಿಕೊಂಡಿದ್ದೇನೆ. ನಿನ್ನೆ ನೀವು ಏನಾಯ್ತು ಅಂತ ಕೇಳಿದಿರಿ, ಸುಟ್ಟಿತು ಅಂದೆ. ಸುಟ್ಟಿಲ್ಲ. ಮಗಳು ತುತ್ತಿಡು ಅಂತ ಬಾಯಿ ತೆರೆದಾಗಲೂ ಅದನ್ನೇ ತೋರಿಸಿದೆ. ಅಮ್ಮನಿಗೆ ನನ್ನ ಮೇಲೆ ಕೋಪ ಅಂತ ಗೊಣಗಜ್ಜಿಯ ಹತ್ತಿರ ಅಂದಳಂತೆ.

ಸಭೆಯಲ್ಲಿ ಇದನ್ನು ನಾನೇ ಹೇಳುತ್ತೇನೆ. ನೋಡಿ, ಹುಳದವಳು ಇವಳೇ, ಇವಳಿಗೆ ಕಕ್ಕಸು ಬೇರೆ ಕೇಡು ಅನ್ನುತ್ತಾನೆ ಧಣಿ. ಅನ್ನಲಿ. ನನ್ನ ಕೈಯಡುಗೆ ಉಂಡವರೇ ಎದ್ದುಹೋಗಿ ಉಗಿಯಬಹುದು, ಉಗಿಯಲಿ. ಎಲ್ಲರಿಗೂ ಪರೀಕ್ಷೆ, ಎಲ್ಲರಿಗೂ ಮಾತ್ರೆ ಅಂತ ಕೇಳಲು ನನಗೀಗ ಇನ್ನೊಬ್ಬರ ಉದಾಹರಣೆ ಬೇಕಿಲ್ಲ. ಗೊಣಗಜ್ಜಿಗೆ ಮೊದಲೇ ಹೇಳಿದೆ. ಅವಳು ನನ್ನ ಕೈಯ ಬಟ್ಟೆ ಬಿಚ್ಚಿ ನೋಡಿ, ಹುಳ ನಿನ್ನದಾದರೆ ಮಾಂಸ ಯಾರದೇ ಹುಚ್ಚಿ ಅಂದಳು.

ಮಾಂಸ ಯಾರದು, ಗಂಟಿದೆ ಅಂತ ಗೊತ್ತಿದ್ದೂ ಹಂಚಿದವರು ಯಾರು ಅಂತ ನಾನು ಹೇಳಿದರೆ ಅದು ಹೆಂಡತಿಯ ಹೊಟ್ಟೆಕಿಚ್ಚು ಅನ್ನಿಸಿಕೊಳ್ಳುತ್ತದೆ. ಅದನ್ನು ನೀವೇ ಹೇಳಬೇಕು. ಬಂದರೆ ಕುರ್ಚಿಯ ಹಿಂದೆ ನಿಲ್ಲಬೇಡಿ. ಮುಂದಿನ ಲಾರಿ ಹೊರಡುವುದು ಶುಕ್ರವಾರ. ಸಭೆ ಗುರುವಾರ, ಬೆಳಗ್ಗೆ ಹತ್ತು ಗಂಟೆಗೆ.